ಖಾಲಿ ಮರಳದ ಡಬ್ಬ

ಮುಂಬಯಿ ಬಳಿ ವಾಶಿಯ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೊಂದು ಹಲಗೆಯಿದೆ. ಅದರ ತುಂಬ ಅಂಗೈಗಿಂತ ತುಸು ದೊಡ್ಡ ಸ್ಟೀಲ್ ಡಬ್ಬಗಳು. ಅವುಗಳಲ್ಲಿ ಅರ್ಧದಷ್ಟು ನಮ್ಮವಲ್ಲ, ನಮ್ಮವುಗಳಲ್ಲಿ ಅರ್ಧದಷ್ಟು ಈ ಹೊತ್ತಿಗೆ ಯಾರ ಮನೆಯಲ್ಲಿವೆಯೋ ಹೇಳಲಾಗದು. ಮೊದಲ ಮಹಡಿಯಿಂದ ಮೋದಕ ಹೊತ್ತು ಬಂದ ಡಬ್ಬ ನಮ್ಮ ಪತ್ರೊಡೆಯೊಂದಿಗೆ ಇಳಿದುಹೋಗುತ್ತದೆ, ನಮ್ಮದು ಎದುರುಮನೆಯಲ್ಲಿ ನಾಲ್ಕು ದಿನ ಉಳಿದು ಚಕ್ಕುಲಿಯೊಂದಿಗೆ ಬೇರೆಯೇ ಮುಚ್ಚಳ ತೊಟ್ಟು ಬರುತ್ತದೆ. ಈ ಸಂಚಾರಕ್ಕೆ ಎರಡೇ ಕಟ್ಟಳೆ: ಬಂದ ಡಬ್ಬವನ್ನು ಖಾಲಿ ಮರಳಿಸಬಾರದು, ಕೊಟ್ಟ ಡಬ್ಬವನ್ನು ಕೇಳಬಾರದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ ಮಾತಾಡಿ ಪಳಗಿದ್ದ ನನಗೆ ಇವೆರಡೂ ಶುದ್ಧ ಮೌಢ್ಯವಾಗಿ ಕಾಣುತ್ತಿದ್ದವು. ಈಗ ಡೊಂಬಿವಲಿಯ ಬಾಡಿಗೆ ಕೋಣೆಯಲ್ಲಿ, ನೆರೆಯವರ ಹೆಸರೂ ತಿಳಿಯದೆ, ಬಿಸಾಡುವ ಪೆಟ್ಟಿಗೆಗಳಲ್ಲಿ ಬರುವ ಊಟ ಉಣ್ಣುತ್ತಿರುವಾಗ, ಅಂದು ಅಷ್ಟು ಸಲೀಸಾಗಿ ಗೆದ್ದ ಒಂದು ವಾದ ಪದೇಪದೇ ನೆನಪಾಗುತ್ತದೆ. ಸೋತಿದ್ದರೆ ಚೆನ್ನಾಗಿತ್ತು ಎನಿಸಿದ ನನ್ನ ಏಕೈಕ ಗೆಲುವು ಅದು.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ನಮ್ಮ ಕೆಳಗಿನ ಮಹಡಿಗೆ ಪೌಲ್ ಎಂಬ ಡಚ್ಚನೊಬ್ಬ ಬಾಡಿಗೆಗೆ ಬಂದ. ಐವತ್ತೈದು ದಾಟಿದ ಒಂಟಿ ಮನುಷ್ಯ. ಮಹಾಪೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಯಂತ್ರಗಳನ್ನು ಕೂರಿಸಿಕೊಡುವುದು ಅವನ ಕೆಲಸ. ಅದಕ್ಕೆ ಮೊದಲು ಹನ್ನೆರಡು ವರ್ಷ ಥಾಯ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿದ್ದವನು. ಅಮ್ಮ ಮೊದಲ ದಿನವೇ ಅವನನ್ನು ಪಾವ್ಲು ಎಂದು ಕರೆದು ನಮ್ಮ ಕರಾವಳಿಯವನನ್ನಾಗಿ ಮಾಡಿಕೊಂಡಳು.

ಸಂಜೆ ಅವನು ಮೇಲೆ ಬಂದು ನಮ್ಮ ಸೋಫಾದ ತುದಿಯಲ್ಲಿ ಕೂರುತ್ತಿದ್ದ. ಅಮ್ಮನದು ಮುಂಬಯಿ ಹಿಂದಿ, ಅವನದು ಇಂಗ್ಲಿಷ್, ನಡುವೆ ದುಭಾಷಿ ನಾನು. ವಿಷಯ ಮಾತ್ರ ಇಬ್ಬರದೂ ಒಂದೇ, ಗೊಣಗಾಟ. ಅವಳು ಪಾರಿವಾಳಗಳ ಮೇಲೆ, ನೀರಿನ ಸಮಯದ ಮೇಲೆ, ಲಿಫ್ಟಿನ ಮೇಲೆ. ಅವನು ಥಾಯ್ ಜನರ ಮೇಲೆ. ಅಲ್ಲಿ ಕಾಫಿಗೂ ಸಕ್ಕರೆ, ಸಾರಿಗೂ ಸಕ್ಕರೆಯಂತೆ. ಆಗುವುದಿಲ್ಲ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳದೆ ನಗುತ್ತಾರಂತೆ, ನಲ್ಲಿ ರಿಪೇರಿಯವನ ನಗುವನ್ನು ನಂಬಿ ಪೌಲ್ ಒಂದು ತಿಂಗಳು ಬಕೆಟ್ಟಿನಲ್ಲಿ ನೀರು ಹೊತ್ತನಂತೆ. ತರಕಾರಿಯವಳು ನಮಸ್ಕಾರದ ಬದಲು, ಏನು ಇಷ್ಟು ದಪ್ಪಗಾಗಿದ್ದೀ ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದಳಂತೆ. ಇದನ್ನು ನಾನು ಅನುವಾದಿಸಿದಾಗ ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿಗೆ ಬಂದು ಸಪೂರ ಆಗಿದ್ದಾನೆ ಅಂತ ಹೇಳು," ಎಂದಳು. ಅವನು ಗಹಗಹಿಸಿ ನಕ್ಕ. ನೀವು ಗಮನಿಸಿರಬಹುದು, ಪ್ರವಾಸಕ್ಕೆ ಹೋಗಿ ಬಂದವರು ಊರನ್ನು ಹೊಗಳುತ್ತಾರೆ, ಬಾಳಿ ಬಂದವರು ಗೊಣಗುತ್ತಾರೆ. ಅಮ್ಮ ತನ್ನ ತವರಿನ ಸೊಳ್ಳೆಗಳನ್ನು ಬೈಯುವಾಗಲೂ ದನಿಯಲ್ಲಿ ಅದೇ ಅಕ್ಕರೆಯ ಪಸೆ.

ಅವನಿಗೆ ಅಮ್ಮ ಮೊದಲ ಸಲ ನೀರುದೋಸೆ ಕಳಿಸಿದಾಗ ಹತ್ತೇ ನಿಮಿಷದಲ್ಲಿ ಡಬ್ಬ ತೊಳೆದು, ಒರೆಸಿ, ಖಾಲಿಯಾಗಿ ಬಾಗಿಲಿಗೆ ತಂದುಕೊಟ್ಟ. ಅಮ್ಮ ಮುಚ್ಚಳ ತೆರೆದು ಒಳಗೆ ನೋಡಿ ಮುಚ್ಚಿದಳು. "ತೊಳೆದದ್ದು ಚಂದ ಉಂಟು," ಎಂದಷ್ಟೇ ಹೇಳಿದಳು. ಅಷ್ಟು ತಣ್ಣಗಿನ ಪ್ರಶಂಸೆಯನ್ನು ನಾನು ಯಾವ ತೀರ್ಪುಗಾರನಿಂದಲೂ ಕೇಳಿರಲಿಲ್ಲ. ಮರುದಿನ ಮೆಟ್ಟಿಲ ಬಳಿ ಪೌಲನನ್ನು ನಿಲ್ಲಿಸಿಕೊಂಡು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ನೆರೆಯವರು ತಪ್ಪಿಸಿಕೊಳ್ಳದಂತೆ ಹೂಡಿದ ಸಿಹಿಯಾದ ಬಲೆ ಈ ಪದ್ಧತಿ, ಅರ್ಥಹೀನ, ಆದರೂ ಇಲ್ಲಿರುವಷ್ಟು ದಿನ ಖಾಲಿ ಡಬ್ಬ ಕೊಡಬೇಡಿ, ನೀವೇ ಕೈಯಾರೆ ಮಾಡಿದ್ದನ್ನು ತುಂಬಿ ಕೊಡಬೇಕು, ಅಂಗಡಿಯದು ನಡೆಯುವುದಿಲ್ಲ ಎಂದೆ. ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆ ಹಾಕಿದರೂ ಸಾಕು ಎಂಬುದು ನನಗೆ ಗೊತ್ತಿತ್ತು, ಹೇಳಲಿಲ್ಲ. ಹೇಳಿದ್ದರೆ ಬಲೆಯೆಂಬ ನನ್ನ ವಾದದ ಮೊನೆ ಮೊಂಡಾಗುತ್ತಿತ್ತು. ಅವನು ಗಂಭೀರವಾಗಿ ತಲೆಯಾಡಿಸಿದ. ನಾನು ಗೆದ್ದೆ.

ಆಮೇಲೆ ನಮ್ಮ ಡಬ್ಬಗಳು ಕೆಳಗಿಳಿದವು, ಮೇಲೆ ಹತ್ತಲಿಲ್ಲ. ಕೋರಿರೊಟ್ಟಿ, ಹಲಸಿನಹಣ್ಣಿನ ಗಟ್ಟಿ, ಬಂಗುಡೆ ಪುಳಿಮುಂಚಿ, ಒಂದರ ಹಿಂದೊಂದು ಹೋದವು. ಹಲಗೆ ಬರಿದಾಯಿತು. ಪೌಲ್ ಸಂಜೆ ಬರುವುದು ಕಡಿಮೆಯಾಯಿತು. ಅಮ್ಮ ಲಿಫ್ಟಿಗೆ ಕಾಯುತ್ತಿದ್ದರೆ ಅವನು ಮೆಟ್ಟಿಲು ಹಿಡಿಯುತ್ತಿದ್ದ. ಕೇಳಬಾರದೆಂಬ ಕಟ್ಟಳೆಯವಳು ಅಮ್ಮ, ಕೇಳಲಿಲ್ಲ. "ಅವನಿಗೆ ನಮ್ಮದು ಹಿಡಿಸುದಿಲ್ಲ ಕಾಣ್ತದೆ, ಹೇಳ್ಲಿಕ್ಕೆ ದಾಕ್ಷಿಣ್ಯ," ಎಂದು ಕಳಿಸುವುದನ್ನು ನಿಲ್ಲಿಸಿದಳು. ಸಂಜೆ ಸೋಫಾದ ತುದಿಯಲ್ಲಿ ಅವಳು ಬಟ್ಟೆ ಮಡಚಿ ಇಡತೊಡಗಿದಳು. ಅವನ ಕೆಲಸದ ಅವಧಿಯಲ್ಲಿ ಉಳಿದಿದ್ದದ್ದು ಎರಡೇ ತಿಂಗಳು.

ಗುಟ್ಟು ಒಡೆದದ್ದು ನಮ್ಮ ವಾಚ್‌ಮನ್ ಮಲ್ಲಪ್ಪ. ವಿಜಯಪುರದ ಕಡೆಯವನು, ಪೌಲನ ಮನೆಗೆ ಗ್ಯಾಸ್ ಸಿಲಿಂಡರ್ ಮುಟ್ಟಿಸಿ ಬಂದವನು ಗೇಟಿನಲ್ಲಿ ನನ್ನನ್ನು ತಡೆದ. "ಏನ್ ತಂಗಿ, ನಿಮ್ ಗೋರಾ ಸಾಹೇಬ್ರು ಡಬ್ಬಿ ಅಂಗಡಿ ಇಡಾವ್ರದಾರೇನು? ಅಡಿಗಿಮನ್ಯಾಗ ಸಾಲಾಗಿ ಹನ್ನೊಂದು ಡಬ್ಬಿ, ಎಲ್ಲಾ ಮಿರಿಮಿರಿ ಮಿಂಚಾಕತ್ತಾವ."

ನಾನು ಹೋಗಿ ನೋಡಿದೆ. ಹನ್ನೊಂದೂ ಕಿಟಕಿಯ ಬದಿಯಲ್ಲಿ ನಿಂತಿದ್ದವು. ಮೊಟ್ಟೆ ಬೇಯಿಸುವುದರ ಹೊರತು ಏನೂ ಬಾರದ ಮನುಷ್ಯ ಪ್ರತಿ ಡಬ್ಬವನ್ನೂ ತೊಳೆದಿಟ್ಟು, ಏನು ತುಂಬುವುದೆಂದು ತಿಳಿಯದೆ, ನಾಚಿಕೆಯಿಂದ ನಮ್ಮ ಮನೆಯನ್ನೇ ತಪ್ಪಿಸುತ್ತಿದ್ದ. ಸಕ್ಕರೆಯ ವಿಷಯವನ್ನು ಅವತ್ತು ಅವನೆದುರು ಒಪ್ಪಿಕೊಂಡೆ.

ಅವನು ಸಿಟ್ಟಾಗಲಿಲ್ಲ. ಗೊಣಗಿದ, ಥಾಯ್ಲೆಂಡಿನ ಮೇಲೆಯೇ. ಅಲ್ಲಿ ಪಕ್ಕದ ಮನೆಯ ಮುದುಕಿಯೊಬ್ಬಳು ಎಂಟು ವರ್ಷ ಅವನ ಗೇಟಿಗೆ ಸಾರು, ಪಲ್ಯ ನೇತುಹಾಕಿ ಹೋಗುತ್ತಿದ್ದಳು. ಎಲ್ಲವೂ ಪ್ಲಾಸ್ಟಿಕ್ ಚೀಲದಲ್ಲಿ. ಬಾಯಿಗೆ ರಬ್ಬರ್ ಬ್ಯಾಂಡ್, ಉಗುರು ಮುರಿದರೂ ಬಿಚ್ಚಲಾಗದಷ್ಟು ಬಿಗಿ. ಉಂಡು ಚೀಲ ಎಸೆದರೆ ಆಯಿತು, ಹಿಂದಿರುಗಿಸುವ ಗೋಜಿಲ್ಲ, ಎಂಥ ಒಳ್ಳೆಯ ವ್ಯವಸ್ಥೆ ಎಂದುಕೊಂಡಿದ್ದನಂತೆ. ಊರು ಬಿಡುವ ದಿನ ವಿದಾಯ ಹೇಳಲು ಹೋದಾಗ ತಿಳಿಯಿತಂತೆ, ಎಂಟು ವರ್ಷಗಳಲ್ಲಿ ಆ ಹೊಸ್ತಿಲನ್ನು ಅವನು ಮೊದಲ ಬಾರಿ ತುಳಿಯುತ್ತಿದ್ದ. ಅಷ್ಟು ದಿನ ಹೋಗಲು ಅವನಿಗೊಂದು ನೆಪವೇ ಇರಲಿಲ್ಲ. ಇಷ್ಟು ಹೇಳಿ, ಸಕ್ಕರೆ ತುಂಬುವುದಿಲ್ಲ ಎಂದ.

ಭಾನುವಾರ, ಒಲೆ ಹಚ್ಚದೆ ಕುಟ್ಟಿಯೇ ಮಾಡುವ ಥಾಯ್ ಕೋಸಂಬರಿಗೆಂದು ಮಾರ್ಕೆಟ್ಟಿನಿಂದ ಪಪ್ಪಾಯಿಕಾಯಿ, ನಿಂಬೆ, ನೆಲಗಡಲೆ, ಒಣ ಸಿಗಡಿ ಹೊತ್ತು ತಂದು, ತಾನೇ ಮೇಲೆ ಬಂದು ಅಮ್ಮನ ಕಲ್ಲಿನ ಕುಟ್ಟಾಣಿ ಬೇಡಿದ. ಅಮ್ಮ ಕಲ್ಲಿನ ಹಿಂದೆಯೇ ಇಳಿದುಹೋಗಿ ಅವನ ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಮೆಲ್ಲ ಕುಟ್ಟು ಮಾರಾಯ, ನನ್ನ ಕಲ್ಲು ಒಡಿಬೇಡ." ಕನ್ನಡದಲ್ಲೇ ಹೇಳಿದಳು, ಅವನು ಮೆಲ್ಲ ಕುಟ್ಟಿದ. ಹನ್ನೊಂದು ಡಬ್ಬಗಳೂ ತುಂಬಿ ಮೇಲೇರಿದವು. ಒಂದು ಚಮಚ ಬಾಯಿಗಿಟ್ಟು ಅಮ್ಮ ನನ್ನತ್ತ ತಿರುಗಿ, "ಇದು ನಮ್ಮ ಸಿಗಡಿ ಚಟ್ನಿಯೇ. ಅಲ್ಲಿಯವರು ತೆಂಗಿನಕಾಯಿ ಹಾಕ್ಲಿಕ್ಕೆ ಮರ್ತಿದ್ದಾರೆ," ಎಂದಳು. ಸೋಫಾದ ಮೇಲಿನ ಬಟ್ಟೆಗಳು ಅಂದೇ ಕಪಾಟು ಸೇರಿದವು.

ಕೆಲಸದ ಅವಧಿ ಮುಗಿದು ಅವನು ಹೊರಟು ನಿಂತಾಗ ಅಮ್ಮ ದಾರಿಗೆಂದು ಡಬ್ಬದಲ್ಲಿ ಗೋಳಿಬಜೆ ತುಂಬಿದಳು. ಹೋಟೆಲಿನ ಗಲ್ಲಾದಲ್ಲಿ ಕೂತು ಪಾರ್ಸೆಲ್ ಕಟ್ಟಿಸುವುದರಲ್ಲೇ ಬದುಕು ಕಳೆದ ಅಪ್ಪ, "ವಿಮಾನಕ್ಕೆ ಹೋಗುವವನಿಗೆ ಸ್ಟೀಲು ಯಾಕೆ, ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕೊಡು," ಎಂದ.

"ಹಾಗೆ ಕೊಟ್ರೆ ಮುಗೀತಲ್ಲ," ಎಂದಳು ಅಮ್ಮ.

ಅವನು ಮರಳಿ ಹೋದದ್ದು ಥಾಯ್ಲೆಂಡಿಗೇ, ಅದೇ ಬೀದಿಗೆ. ಕೆಲವು ತಿಂಗಳ ನಂತರ ಅವನಿಂದ ಒಂದು ಉದ್ದನೆಯ ದೂರು ಬಂತು. ಅಮ್ಮನಿಂದ ಕಲಿತ ಉಪ್ಪಿಟ್ಟು ಮಾಡಿ ಡಬ್ಬದಲ್ಲಿ ಪಕ್ಕದ ಮನೆಯ ಮುದುಕಿಗೆ ಕೊಟ್ಟಿದ್ದಾನೆ. ಅವಳ ಸಾರು ಎಂದಿನಂತೆ ಪ್ಲಾಸ್ಟಿಕ್ ಚೀಲದಲ್ಲಿ ಗೇಟಿಗೆ ಬರುತ್ತಿದೆ. ಡಬ್ಬ ಮಾತ್ರ ಅವಳ ಕಿಟಕಿಯಲ್ಲಿ ಮೆಣಸಿನಕಾಯಿ ತುಂಬಿಕೊಂಡು ಕೂತಿದೆ. ಈ ಜನಕ್ಕೆ ಡಬ್ಬ ಹಿಂದಿರುಗಿಸುವ ರೀತಿನೀತಿಯೇ ತಿಳಿಯದು, ಕೇಳಿಬಿಡಲೇ ಎಂದು ಬರೆದಿದ್ದ.

ನಾನು ಓದಿ ಹೇಳಿದೆ. ಅಮ್ಮ ಬಸಳೆ ಸೋಸುತ್ತಿದ್ದವಳು ತಲೆಯೆತ್ತಲಿಲ್ಲ.

"ಕೇಳ್ಲಿಕ್ಕೆ ಹೋಗ್ಬೇಡ ಅಂತ ಬರಿ. ಇನ್ನೊಂದು ತುಂಬಿಸಿ ಕೊಡ್ಲಿ."