ದೇವರ ಗೂಡಿಗೆ ಸಾದಾ ಹಲಗೆ

ನನ್ನ ಮೂಗಿನ ಮೇಲೆ ನನಗೀಗ ಭರವಸೆ ಉಳಿದಿಲ್ಲ. ಕನ್ನಡಕ ನಿಲ್ಲಿಸುವ ಕೆಲಸವನ್ನು ಅದು ಇಂದಿಗೂ ತಪ್ಪದೆ ಮಾಡುತ್ತದೆ, ನೆಗಡಿ ಬಂದರೆ ಎಲ್ಲರಿಗಿಂತ ಮೊದಲು ಸ್ವಾಗತಿಸುತ್ತದೆ. ಆದರೆ ಮೂಗಿಗೆ ಇನ್ನೊಂದು ಕೆಲಸವೂ ಉಂಟಲ್ಲ, ಅದರ ಮಾತು ಹೇಳುತ್ತಿದ್ದೇನೆ.

ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ನಾನು ಹಲಗೆ ಸುಡುತ್ತಿದ್ದೇನೆ. ಸಂಬಳ ಕೊಡುವುದು ಅದಕ್ಕೇ. ಮರವನ್ನು ಹತ್ತಿಯ ಹಾಗೆ ನಾರುನಾರಾಗಿ ಬಿಡಿಸಿ, ಅಂಟು ಬೆರೆಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಅಂಗಡಿಯವರು ಎಂಡಿಎಫ್ ಎನ್ನುತ್ತಾರೆ. ನಿಮ್ಮ ಟಿವಿಯ ಹಿಂದೆ, ಅಡುಗೆಮನೆಯ ಕಪಾಟಿನಲ್ಲಿ, ಮೈಕಾ ಹೊದ್ದುಕೊಂಡು ತೇಗದ ಮರದ ಗತ್ತಿನಲ್ಲಿ ನಿಂತಿರುವುದು ಬಹುಶಃ ಅದೇ. ನಮ್ಮಲ್ಲಿ ಅದರಿಂದ ಬಾಗಿಲು, ಕಪಾಟು ಮಾಡುತ್ತಾರೆ. ಹೊಸ ಸರಕು ಬಂದಾಗಲೆಲ್ಲ ಕೆಲವು ತುಂಡು ಕತ್ತರಿಸಿ ಜ್ವಾಲೆಗೆ ಹಿಡಿಯುವುದು ನನ್ನ ಪಾಲು. ಎಷ್ಟು ಹೊತ್ತಿಗೆ ಕಂದಿತು, ಎಷ್ಟು ಹೊತ್ತಿಗೆ ಹೊತ್ತಿಕೊಂಡಿತು, ಜ್ವಾಲೆ ಸರಿಸಿದ ಮೇಲೆ ತಾನಾಗಿ ಆರಿತೋ ಇಲ್ಲವೋ ಎಂದು ಗಡಿಯಾರ ನೋಡಿ ಬರೆದಿಡಬೇಕು.

ಕೊಳ್ಳಲು ಬಂದವರದು ಯಾವಾಗಲೂ ಒಂದೇ ಪ್ರಶ್ನೆ: “ಇದು ಸುಡುವುದಿಲ್ಲ ತಾನೇ?” ಸುಡದೆ ಏನು ಮಾಡೀತು, ಮರದ ಮಗುವಲ್ಲವೇ? ಒಂದು ಮಾತು ಮಾತ್ರ ನಿಜ. ದಪ್ಪ ಮರದ ಹಾಗೆಯೇ ದಟ್ಟವಾದ ಈ ಹಲಗೆಯೂ ಮೊದಲು ಮೈಮೇಲೆ ಇದ್ದಿಲಿನ ಪದರವೊಂದನ್ನು ಕಟ್ಟಿಕೊಳ್ಳುತ್ತದೆ. ಆ ಕರಿಯ ಕಂಬಳಿಯನ್ನು ದಾಟಿ ಒಳಗೆ ಹೋಗಲು ಬೆಂಕಿಗೂ ಸಾಕುಸಾಕಾಗುತ್ತದೆ. ಬೆಂಕಿ ತಡೆಯುವ ಮದ್ದು ಬೆರೆಸಿದ ಹಲಗೆಯಾದರೆ ಇನ್ನೂ ತಡ. ಸಾದಾ ಹಲಗೆಯೊಂದಿಗೆ ಬೆರೆತುಹೋಗದಿರಲೆಂದು ಅದಕ್ಕೆ ಕೆಂಪು ಬಣ್ಣ ಕೊಟ್ಟಿರುತ್ತಾರೆ. ಎಷ್ಟೇ ಕೆಂಪಾಗಿದ್ದರೂ ಅದು ಕೊಡುವುದು ಒಂದಿಷ್ಟು ಸಮಯ. ಮಲಗಿದವರನ್ನು ಎಬ್ಬಿಸುವಷ್ಟು, ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿಯುವಷ್ಟು. ಆ ಸಮಯದಲ್ಲಿ ಮನುಷ್ಯ ಏನು ಮಾಡುತ್ತಾನೆ ಎನ್ನುವುದನ್ನು ಪರೀಕ್ಷಿಸುವ ಯಂತ್ರ ನಮ್ಮಲ್ಲಿಲ್ಲ.

ದಿನವಿಡೀ ಹೀಗೆ ಸುಟ್ಟು, ಎರಡು ಬಸ್ಸು ಬದಲಿಸಿ ತಾರ್ನಾಕದ ಮನೆಗೆ ಬರುವಷ್ಟರಲ್ಲಿ ನಾನೇ ಅರ್ಧ ಇದ್ದಿಲಾಗಿರುತ್ತೇನೆ. ಅಂಥ ಒಂದು ಸಂಜೆ ನಮ್ಮ ಮನೆಯಲ್ಲಿ ಬಡಿಗ ಬಸಪ್ಪ ಕೂತಿದ್ದ. ಯಾದಗಿರಿ ಕಡೆಯವನು, ಕಟ್ಟಡದ ಕೂಲಿಗೆಂದು ಈ ತೆಲುಗು ಊರಿಗೆ ಬಂದು ಉಳಿ ಹಿಡಿಯಲು ಕಲಿತವನು. ನನ್ನ ಹೆಂಡತಿ ಶಕುಂತಲೆಗೆ ಗೋಡೆಗೆ ತೂಗುಹಾಕುವ, ಜಾಲರಿ ಕೊರೆದ ದೇವರ ಗೂಡು ಬೇಕಾಗಿತ್ತು. ಬಹಳ ವರ್ಷ ಕೇಳದೆ ಇದ್ದು ಕೇಳಿದ್ದಳು.

“ಸಾಹೇಬ್ರ, ಒಳಗ ದೀಪ ಹಚ್ತಾರ,” ಎಂದ ಬಸಪ್ಪ. “ಮ್ಯಾಲಿನ ಹಲಗಿ ಕೆಂಪಂದು ಹಾಕ್ಲೇನ್ರಿ, ಸಾದಾ ಹಾಕ್ಲೇನ್ರಿ? ಕೆಂಪಂದು ಬೇಕಂದ್ರ ಎರಡ ದಿನ ತಡ ಆಕ್ಕೈತಿ.”

ಊರಿಗೆಲ್ಲ ಈ ಪ್ರಶ್ನೆಗೆ ಉತ್ತರ ಹೇಳುವವನು ನಾನು. ಅಂದು ಹದಿನಾಲ್ಕು ತುಂಡು ಸುಟ್ಟು ಬಂದಿದ್ದೆ. ಇನ್ನೊಂದು ಹಲಗೆಯ ಬಗ್ಗೆ ಯೋಚಿಸುವುದೆಂದರೆ ಮೈ ಭಾರವಾಯಿತು.

“ಯಾವ್ದಾದ್ರೂ ಹಾಕಪಾ. ಒಮ್ಮೆ ಮುಗಿಸಿಬಿಡು,” ಎಂದೆ. ಶಕುಂತಲೆ ಒಳಗೆ ಚಹ ಸೋಸುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ.

ಗೂಡು ಬಂತು, ಸಾದಾ ಹಲಗೆಯದೇ; ಚೆಂದವಾಗಿಯೇ ಇತ್ತು. ತಿಂಗಳುಗಟ್ಟಲೆ ಸಣ್ಣ ದೀಪ ಉರಿದು ಮೇಲಿನ ಹಲಗೆ ಒಂದಿಷ್ಟು ಕಂದಿತ್ತು. ಅದನ್ನೂ ನೋಡಿದ್ದೆ, ನೋಡಿ ಸುಮ್ಮನಿದ್ದೆ. ಒಂದು ಭಾನುವಾರ ಅಮಾವಾಸ್ಯೆ. ಶಕುಂತಲೆ ತವರಿನ ಎತ್ತರದ ಹಿತ್ತಾಳೆ ದೀಪಕ್ಕೆ ಎರಡು ಬತ್ತಿ ಹಾಕಿ ಹಚ್ಚಿ, ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಳು. ನಾನು ಅದೇ ಕೋಣೆಯಲ್ಲಿ, ಗೂಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಪೇಪರ್ ಹಿಡಿದು ಕೂತಿದ್ದೆ.

ವಾಸನೆ ಬಂದಿತ್ತು. ಮೊದಲು ಅಂಟಿನ ಹುಳಿ ಘಾಟು, ಆಮೇಲೆ ಬೆಲ್ಲ ಸೀದ ಹಾಗೆ, ಆಮೇಲೆ ಹೊಗೆ. ಆ ಕ್ರಮ ನನಗೆ ಬಾಯಿಪಾಠ. ಆದರೆ ನನ್ನ ಮೂಗಿನ ಲೆಕ್ಕದಲ್ಲಿ ಅದು ಕೆಲಸದ ವಾಸನೆ, ದಿನವೂ ಇರುವಂಥದ್ದು, ಯಜಮಾನನನ್ನು ಎಬ್ಬಿಸಿ ಹೇಳುವಂಥ ಸುದ್ದಿಯಲ್ಲ. ನಾನು ಪುಟ ತಿರುವಿದೆ. ಆ ಬಡಪಾಯಿ ಸಾದಾ ಹಲಗೆ ತನ್ನ ಕೈಲಾದಷ್ಟು ಸಮಯ ಕೊಟ್ಟಿತು. ಅದನ್ನು ನಾನು ಕ್ರಿಕೆಟ್ ಸುದ್ದಿ ಓದಲು ಬಳಸಿಕೊಂಡೆ.

ಎದುರು ಮನೆಯ ವಿಜಯಮ್ಮ ಬಾಗಿಲು ತಳ್ಳಿಕೊಂಡು ಬಂದರು. “ಏಮಂಡೀ, ಏದೋ ಕಾಲುತೋಂದಿ!” ಏನೋ ಸುಡುತ್ತಿದೆ ಎಂದು ಆ ಮನೆಯವರಿಗೆ ಗೊತ್ತಾಗಿತ್ತು. ತಲೆ ಎತ್ತಿ ನೋಡಿದರೆ ದೀಪದ ಮೇಲೆ ತಟ್ಟೆಯಷ್ಟು ಅಗಲ ಕರಿ, ಜಾಲರಿಯ ಅಂಚಿನುದ್ದಕ್ಕೂ ಕೆಂಪು ದಾರದ ಹಾಗೆ ಹರಿಯುತ್ತಿರುವ ಕೆಂಡ. ಎದ್ದು ನಿಂತೆ. ನಿಂತವನು ಮೊದಲು ಏನು ಮಾಡಿದೆ ಗೊತ್ತೇ? ಗಡಿಯಾರ ನೋಡಿದೆ. ಎಷ್ಟು ನಿಮಿಷವಾಯಿತೆಂದು.

ಅಷ್ಟರಲ್ಲಿ ಕೂಗು ಕೇಳಿ ಮಾಳಿಗೆಯಿಂದ ಓಡಿಬಂದ ಶಕುಂತಲೆ ನನ್ನನ್ನು ಪಕ್ಕಕ್ಕೆ ತಳ್ಳಿದಳು. ಎಣ್ಣೆ ಇರುವಾಗ ನೀರು ಹಾಕಬಾರದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ, ದಿನವೂ ಒಗ್ಗರಣೆ ಹಾಕುವವಳಿಗೆ ಕಲಿಸಬೇಕಾಗಿಯೂ ಇಲ್ಲ. ಕಾದ ಹಿತ್ತಾಳೆ ದೀಪವನ್ನು ಬರಿಗೈಯಲ್ಲಿ ಹಿಡಿದು ಹೊರಗೆ ತೆಗೆದು ನೆಲದ ಮೇಲೆ ಇಟ್ಟಳು. ಗಾಳಿ ಆಡಿದ್ದಕ್ಕೋ ಏನೋ ಜಾಲರಿ ಭುಗ್ಗೆಂದಿತು. ವಿಜಯಮ್ಮ ಒಂದು ಕೊಡ, ಕೊನೆಗೂ ಎಚ್ಚರವಾದ ನಾನು ಎರಡು ಬಕೆಟ್ ನೀರು ಎರಚಿದೆವು. ಆರಿತು. ದೇವರುಗಳು ತೊಯ್ದು ಕರ್ರಗಾಗಿದ್ದರು. ಶಕುಂತಲೆಯ ಬಲಗೈಯ ನಾಲ್ಕು ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು.

ಬೀದಿ ಕೊನೆಯ ಡಾಕ್ಟರು ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಹಿಂದಿರುಗಿ ನಡೆಯುತ್ತಾ ಅವಳು ಕೇಳಿದಳು:

“ನಿಮ್ಗ ವಾಸ್ನಿ ಬರ್ಲಿಲ್ಲೇನ್ರಿ?”

“ಬಂದಿತ್ತು.”

“ಮತ್ತ?”

“ಫ್ಯಾಕ್ಟರಿ ವಾಸ್ನಿ ಅನಿಸ್ತು.”

“ಹಂಗಾದ್ರ ಭಾನುವಾರನೂ ನೀವು ಮನ್ಯಾಗ ಇರಂಗಿಲ್ಲ ಅಂದಂಗಾತು,” ಎಂದಳು. ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪವಿದ್ದಿದ್ದರೆ ಚೆನ್ನಾಗಿತ್ತು.

ಅಲ್ಲೇ ನಿಂತು ಬಸಪ್ಪ ಕೇಳಿದ ಪ್ರಶ್ನೆಯನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳಿಬಿಟ್ಟೆ. ಮುಚ್ಚಿಡುವುದಕ್ಕೂ ಶಕ್ತಿ ಬೇಕು.

ಅವಳು ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿ ಹಿಡಿದು ನನ್ನನ್ನೇ ನೋಡಿದಳು. “ಎರಡ ದಿನ ತಡ ಆದ್ರ ದೇವ್ರು ಎಲ್ಲಿ ಓಡಿ ಹೋಗ್ತಿದ್ದನ್ರಿ?” ಎಂದಳು. ಅವಳ ಕೈ ಮಾಯುವವರೆಗೆ ಎರಡು ವಾರ ನಾನೇ ಅನ್ನ ಮಾಡಿದೆ, ಸಾರು ಮಾಡಿದೆ, ಅವಳ ಜಡೆ ಹೆಣೆದೆ. ಜಡೆ ಕಂಡು ವಿಜಯಮ್ಮ ನಗು ತಡೆದುಕೊಂಡಿದ್ದು ನನಗೆ ಗೊತ್ತು.

ಬಸಪ್ಪ ಮತ್ತೆ ಬಂದ. ಸುಟ್ಟ ಗೂಡನ್ನು ನೋಡಿದ, ನನ್ನನ್ನು ನೋಡಿದ. ಟೇಪು ತೆಗೆದು ಅಳತೆ ಹಿಡಿದ. ಈ ಸಲ ಕೆಂಪು ಹಲಗೆ ಬಂತು; ಎರಡು ದಿನವಲ್ಲ, ಐದು ದಿನ ತಡವಾಯಿತು, ಕಾದೆವು. ಆದರೂ ದೀಪಕ್ಕೆ ಗೂಡಿನೊಳಗೆ ಜಾಗವಿಲ್ಲ. ಕೆಳಗೆ ಒಂದು ಗ್ರಾನೈಟ್ ತುಂಡು ಇಟ್ಟಿದ್ದೇವೆ, ದೀಪ ಅದರ ಮೇಲೆ, ತಲೆಯ ಮೇಲೆ ಬರೀ ಗಾಳಿ.

ಶಕುಂತಲೆ ಒಂದು ಹುಕುಂ ಕೂಡ ಹೊರಡಿಸಿದಳು. “ದೀಪ ಆರೂತನಕ ನೀವ ಕೂಡಬೇಕು. ಪೇಪರ್ ಇಲ್ಲ, ಫೋನೂ ಇಲ್ಲ.”

ಹೀಗಾಗಿ ದಿನವೂ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ದೀಪದ ಮುಂದೆ ಕೂರುತ್ತೇನೆ. ನನಗೆ ಭಕ್ತಿ ಬಂದಿದೆಯೆಂದು ಅಪಾರ್ಟ್‌ಮೆಂಟಿನಲ್ಲಿ ಸುದ್ದಿಯಾಗಿದೆ. ಒಬ್ಬರು ಮಗಳ ಜಾತಕ ತಂದು ತೋರಿಸಿದರು. ಮೊದಮೊದಲು ಕೂರುವುದು ಶಿಕ್ಷೆಯಾಗಿತ್ತು, ಸೊಂಟ ನೋಯುತ್ತಿತ್ತು. ಆಮೇಲೆ ಅವಳೂ ಬಂದು ಗೋಡೆಗೊರಗಿ ಕೂರತೊಡಗಿದಳು. ಬಹಳ ಮಾತೇನಿಲ್ಲ. ಬೆಂಡೆಕಾಯಿ ಬಲಿತಿತ್ತು, ನೀರು ಇವತ್ತು ಬೇಗ ಬಂತು, ವಿಜಯಮ್ಮನ ಮಂಡಿನೋವು, ಇಂಥವೇ.

ಮೊನ್ನೆ ಹಾಗೇ ಕೂತಿದ್ದಾಗ ಅವಳು ತಟ್ಟನೆ ಕೇಳಿದಳು, “ರೀ, ದೀಪ ಆರಿ ಎಷ್ಟೊತ್ತಾತು?”

ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಅವಳ ಪಕ್ಕದಿಂದ ಏಳಬೇಕಾಗುತ್ತಿತ್ತು.