ನಡುಕಟ್ಟೆಯ ಕೆಳಗಿನ ಜಾಗ

ಗಂಡ ಸತ್ತ ಮೇಲೆ ಶಿವಗಂಗವ್ವ ಸಂಶಿಯ ತವರಿಗೆ ಬಂದಾಗ ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ತಮ್ಮ ಕುಬೇರಪ್ಪ ಶಾಲೆಗೆ ಹೋಗುವ ಹುಡುಗ. ಅವ್ವ ಇರುವತನಕ ಅವಳು ನಡುಮನೆಯಲ್ಲಿ ಅವ್ವನ ಮಗ್ಗುಲಿಗೆ ಮಲಗುತ್ತಿದ್ದಳು. ಅವ್ವ ಹೋದಳು, ಕುಬೇರಪ್ಪನ ಮದುವೆಯಾಯಿತು, ನಡುಮನೆ ಗಂಡ-ಹೆಂಡತಿಗೆ ಬೇಕಾಯಿತು. ಪಡಸಾಲೆಯಲ್ಲಿ ಗಂಡಸರು, ಆಳುಗಳು, ಬಾಜೂ ಕೋಣೆಯ ತುಂಬ ಹತ್ತಿಯ ಚೀಲಗಳು. ಯಾರೂ ಏನೂ ಹೇಳಲಿಲ್ಲ. ಶಿವಗಂಗವ್ವ ತಾನೇ ಕೌದಿ ಎತ್ತಿಕೊಂಡು ಅಡಿಗೆಮನೆಗೆ ನಡೆದಳು. ಅಲ್ಲಿಂದ ಮುಂದೆ ಒಲೆಯ ಮುಂದಿನ ನೆಲವೇ ಅವಳ ಹಾಸಿಗೆ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಕೌದಿ ಸುತ್ತಿ, ಜೋಳದ ಚೀಲಗಳ ಹಿಂದೆ ಇಟ್ಟು ಒಲೆ ಹೊತ್ತಿಸುತ್ತಿದ್ದಳು.

ಆ ಮನೆಯ ಗಂಡಸರು ಅಡಿಗೆಮನೆಗೆ ಬರುತ್ತಿದ್ದದ್ದು ಉಣ್ಣುವ ಹೊತ್ತಿಗೆ ಮಾತ್ರ. ಬಂದರೂ ತಾಟಿನಿಂದ ತಲೆ ಎತ್ತುವ ರೂಢಿಯಿಲ್ಲ. ಹೀಗಾಗಿ ಅಕ್ಕ ಎಲ್ಲಿ ಮಲಗುತ್ತಾಳೆಂಬುದು ಕುಬೇರಪ್ಪನಿಗೆ ಗೊತ್ತೇ ಇರಲಿಲ್ಲ. ನಂಬುವುದು ಕಷ್ಟ ಅನ್ನುವವರು ಅನ್ನಲಿ, ಅಂಥ ಗಂಡಸರಿಗೆ ನಮ್ಮ ಕಡೆ ಬರಗಾಲವಿಲ್ಲ. ಅಕ್ಕನ ಮೇಲೆ ಅವನಿಗೆ ಪ್ರೀತಿ ಇತ್ತು. ಅವಳು ಬಡಿದ ರೊಟ್ಟಿಯೇ ಆಗಬೇಕು, ಬೇರೆಯವರದು ಗಂಟಲಲ್ಲಿ ಇಳಿಯದು. ಪ್ರೀತಿ ಅಷ್ಟಕ್ಕೇ ನಿಂತಿತ್ತು.

ಎಂಬತ್ತಾರನೆಯ ಇಸವಿಯಲ್ಲಿ ಕುಬೇರಪ್ಪನ ಮಗ ಈರಬಸಪ್ಪನಿಗೆ ಹುಬ್ಬಳ್ಳಿಯ ಹೆಣ್ಣು ಗೊತ್ತಾಯಿತು. ಕಾಲೇಜು ಓದಿದವಳು, ಕೂತು ಅಡಿಗೆ ಮಾಡಿ ಗೊತ್ತಿಲ್ಲದವಳು. ಈರಬಸಪ್ಪ ಮದುವೆಯ ಮಂಚಕ್ಕೆ ಸಾಗವಾನಿ ಕಟ್ಟಿಗೆ ತರಲೆಂದು ಅಳ್ನಾವರಕ್ಕೆ ಹೋದವನು ಅಲ್ಲಿಯ ಕಟ್ಟಿಗೆ ವ್ಯಾಪಾರಿಯ ಮನೆಯಲ್ಲಿ ಒಂದು ಅಡಿಗೆಮನೆ ನೋಡಿ ಮರುಳಾಗಿ ಬಂದ. ಗೋಡೆಯುದ್ದಕ್ಕೂ ಕಪಾಟು, ಗ್ಯಾಸಿಗೆ ಎತ್ತರದ ಕಟ್ಟೆ, ಅಷ್ಟೇ ಅಲ್ಲ, ಕೋಣೆಯ ನಟ್ಟನಡುವೆ ಇನ್ನೊಂದು ಕಟ್ಟೆ. ಸುತ್ತಲೂ ತಿರುಗಾಡುತ್ತ ಕೆಲಸ ಮಾಡಬಹುದು. ಅಂಥದೇ ಬೇಕೆಂದು ಪಟ್ಟು ಹಿಡಿದ. ಮನೆಯಲ್ಲಿ ಅದಕ್ಕೆ ನಡುಕಟ್ಟೆ ಎಂಬ ಹೆಸರೂ ಬಿತ್ತು.

ಅಳ್ನಾವರದಿಂದಲೇ ಬಡಿಗ ಗುಡದಪ್ಪ ಬಂದ. ಬಂದವನೇ ಕೈಯಲ್ಲಿ ಇದ್ದಿಲು ಹಿಡಿದು ಕೇಳಿದ.

"ಈ ಮನ್ಯಾಗ ಅಡಗಿ ಮಾಡವ್ರು ಯಾರ್ರಿ? ಅವರನ್ನ ಕರೀರಿ. ಅವರು ಹೇಳಿದಂಗ ಮಾಡಿದ್ರ ನಾಳೆ ನಾ ಬೈಸ್ಕೊಳ್ಳೂದು ತಪ್ಪತೈತಿ."

ಶಿವಗಂಗವ್ವ ಸೆರಗು ಸರಿಮಾಡಿಕೊಂಡು ಬಂದಳು. ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳಿದ್ದಿಲ್ಲ. ಮೊದಲು ಮಾತೇ ಹೊರಡಲಿಲ್ಲ, ಹೊರಟ ಮೇಲೆ ನಿಲ್ಲಲಿಲ್ಲ.

"ಉಪ್ಪು ಕಾರ ಕೈಗೆ ಸಿಗೂವಂಗ ಇರಲಿ. ಹಪ್ಪಳ ಸಂಡಿಗಿ ಮ್ಯಾಲಿನ ಕಪಾಟಿನ್ಯಾಗ. ನೀರಿನ ಬಾಜೂಕ ಕಾಳು ಬ್ಯಾಡ, ಮುಗ್ಗತಾವು. ರೊಟ್ಟಿ ಬಡಿಯೂ ಜಾಗಾ ಮೊಣಕೈಗಿಂತ ತೆಳಗಿರಬೇಕು ನೋಡಪಾ, ಇಲ್ಲಂದ್ರ ರಟ್ಟಿ ಬಿದ್ದ ಹೋಗತಾವು."

ಅವಳು ಹೇಳುತ್ತ ಹೋದಳು, ಗುಡದಪ್ಪ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತ ಹೋದ. ಇಷ್ಟು ಸಂತೋಷ ಅವಳಿಗೆ ಯಾವ ಕಾಲಕ್ಕಾಗಿತ್ತೋ. ಕಡೆಗೆ ಅವನು ನಡುಕಟ್ಟೆಯ ಚೌಕ ಎಳೆದ. ಶಿವಗಂಗವ್ವ ಅದನ್ನೇ ನೋಡಿದಳು. ತಾನು ಕೌದಿ ಹಾಸುವ ಜಾಗ ಅದು. ಉಳಿದದ್ದರಲ್ಲಿ ಒಂದು ಕಡೆ ಬಚ್ಚಲಿನ ಒದ್ದೆ, ಇನ್ನೊಂದು ಕಡೆ ಅಡ್ಡಡ್ಡ ಸರಿದು ಹೋಗುವಷ್ಟೇ ಓಣಿ.

"ಈ ಕಟ್ಟಿ ತೆಳಗ ಬಾಗಲಾ ಬ್ಯಾಡಪಾ," ಅಂದಳು. "ಹಂಗ ಬಯಲ ಬಿಡು. ಹಂಡೇ ಪರಾತ ಇಡಾಕ ಬರತೈತಿ."

ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಅವಳು ಆ ಚೌಕದೊಳಗೆ ಮಲಗಿ ನೋಡಿದಳು. ಮೊಣಕಾಲು ಮಡಚಬೇಕಾಯಿತು. ಅಷ್ಟರಲ್ಲಿ ಮರೆತುಹೋದ ಅಳತೆಪಟ್ಟಿಗಾಗಿ ಗುಡದಪ್ಪ ಒಳಗೆ ಬಂದ. ಅವಳು ಗಾಬರಿಯಿಂದ ಎದ್ದು ಕೂತು, "ಸೊಂಟಾ ಹಿಡದಿತ್ತಪಾ," ಅಂದಳು. ಗುಡದಪ್ಪ ಚೀಲಗಳ ಹಿಂದೆ ಇಣುಕುತ್ತಿದ್ದ ಕೌದಿಯನ್ನು ನೋಡಿದ. ಒಂದು ಗೆರೆಯನ್ನು ಕಾಲಿನಿಂದ ಒರೆಸಿ, ಸ್ವಲ್ಪ ಆಚೆಗೆ ಹೊಸದೊಂದು ಎಳೆದು ಹೋದ.

ಕೆಲಸ ಮುಗಿಯುತ್ತ ಬಂದಿತು. ಕಪಾಟುಗಳಿಗೆಲ್ಲ ಪಾಲಿಶ್ ಬಿತ್ತು. ಕುಬೇರಪ್ಪನ ಹೆಂಡತಿ ರೇವವ್ವ ನಡುಕಟ್ಟೆಯ ಸುತ್ತ ಒಂದು ಸುತ್ತು ಬಂದಳು, ಬಗ್ಗಿ ನೋಡಿದಳು, ಮುಖ ಗಂಟಿಕ್ಕಿದಳು.

"ಇದಕ್ಯಾಕ ಬಾಗಲಾ ಹಚ್ಚಿಲ್ಲ? ಬೀಗರು ಬಂದ್ರ ಇಲಿ ಸಾಕಾಕ ಬಿಟ್ಟಾರ ಅಂತಾರ."

"ಅವ್ವಾರು ಬ್ಯಾಡಂದಾರ್ರಿ," ಅಂದ ಗುಡದಪ್ಪ.

ರೇವವ್ವ ಶಿವಗಂಗವ್ವನ ಕಡೆ ತಿರುಗಿದಳು. ಅವಳು ಎಲ್ಲಿ ಮಲಗುತ್ತಾಳೆಂಬುದು ರೇವವ್ವನಿಗೆ ಗೊತ್ತಿತ್ತು. ದಿನಾ ಆ ಅಡಿಗೆಮನೆಯಲ್ಲಿ ಓಡಾಡುವ ಹೆಂಗಸಿಗೆ ಗೊತ್ತಿರದೆ ಇದ್ದೀತೇ? ಆದರೂ ಬೇಕೆಂದೇ ಕೇಳಿದಳು, "ಯಾಕ್ರೀ ಅಕ್ಕಾರ, ಯಾಕ ಬ್ಯಾಡ?" ಶಿವಗಂಗವ್ವ ಹಂಡೆ ಪರಾತ ಎಂದು ಏನೋ ತೊದಲಿದಳು. ಈ ಗದ್ದಲಕ್ಕೆ ಕುಬೇರಪ್ಪ ಬಾಗಿಲಿಗೆ ಬಂದು ನಿಂತ. ಗುಡದಪ್ಪನಿಗೆ ತಡೆಯಲಾಗಲಿಲ್ಲ.

"ಸಾವಕಾರ್ರ, ಅವ್ವಾರು ಇಲ್ಲೇ ಮಲಗತಾರಂತ ಕಾಣಸ್ತೈತ್ರಿ. ಅದಕ್ಕ ಬಯಲ ಬಿಟ್ಟೇನ್ರಿ."

ಕುಬೇರಪ್ಪ ಗಹಗಹಿಸಿ ನಕ್ಕ.

"ಏ ಹುಚ್ಚಪ್ಪಾ! ಅಡಗಿಮನ್ಯಾಗ ಯಾರ ಮಲಗ್ತಾರೊ? ನಮ್ಮಕ್ಕ ನಡುಮನಿ ಬಾಜೂ ಕ್ವಾಣ್ಯಾಗ ಮಲಗತಾಳ. ಹೌದಿಲ್ಲೋ ಅಕ್ಕಾ?"

ಆ ಕೋಣೆಯಲ್ಲಿ ಈರಬಸಪ್ಪ ಮಲಗಲು ಶುರುಮಾಡಿ ಎಷ್ಟೋ ವರ್ಷವಾಗಿತ್ತು. ಈಗ ಅದಕ್ಕೆ ಮದುಮಕ್ಕಳ ಮಂಚವೂ ಬಂದಿತ್ತು. ಶಿವಗಂಗವ್ವ ತಮ್ಮನ ನಗುಮುಖ ನೋಡಿದಳು. ಇಲ್ಲ ಅನ್ನಬಹುದಿತ್ತು. ಆ ಒಂದು ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಪರವೂರಿನ ಬಡಿಗನ ಎದುರು ತಮ್ಮನ ಮರ್ಯಾದೆ ಕಳೆಯಬೇಕಲ್ಲ, ಅದು ಅವಳಿಂದಾಗಲಿಲ್ಲ.

"ಹೌದಪಾ," ಅಂದಳು. "ಬಾಗಲಾ ಹಚ್ಚಲಿ."

ಗುಡದಪ್ಪ ಸಂಜೆಯೊಳಗೆ ಬಾಗಿಲು ಹಚ್ಚಿದ. ಹೋಗುವಾಗ ಅವಳ ಮುಖ ನೋಡಲಿಲ್ಲ.

ಮದುವೆ ಆಯಿತು, ಸೊಸೆ ಬಂದಳು. ಒಳ್ಳೆಯ ಹುಡುಗಿಯೇ, ನಸುಕಿಗೇ ಎದ್ದು ಚಹಕ್ಕಿಡುವಳು. ನಡುಕಟ್ಟೆಯ ಪಕ್ಕದ ಆ ಓಣಿಯಲ್ಲಿ ಅವಳ ಕಾಲಿಗೆ ತೊಡರುವ ಹಾಗೆ ಬಿದ್ದುಕೊಳ್ಳುವುದು ಶಿವಗಂಗವ್ವನಿಗೆ ಸರಿ ಕಾಣಲಿಲ್ಲ. ಕೌದಿ ಹಿತ್ತಲಿನ ಕಟ್ಟಿಗೆಯ ಗುಡಿಸಲಿಗೆ ಹೋಯಿತು. ಗ್ಯಾಸು ಬಂದ ಮೇಲೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ನೀರು ಕಾಯಿಸಲು ಕಟ್ಟಿಗೆ ತರುವವಳೂ ಅವಳೇ. ಹಗಲೆಲ್ಲ ಅವಳು ನಡುಕಟ್ಟೆಯ ಮೇಲೆ ರೊಟ್ಟಿ ಬಡಿದಳು. ಎತ್ತರ ಸರಿಯಾಗಿತ್ತು, ರಟ್ಟೆ ನೋಯಲಿಲ್ಲ. ಬಂದ ನೆಂಟರೆಲ್ಲ ಅಡಿಗೆಮನೆಯನ್ನು ಹೊಗಳಿದರು, ರೇವವ್ವ ಅದನ್ನು ತಲೆಯ ಮೇಲೆ ಹೊತ್ತು ಮೆರೆದಳು.

ಎರಡನೆಯ ಮಳೆಗಾಲಕ್ಕೆ ಶಿವಗಂಗವ್ವನಿಗೆ ಕೆಮ್ಮು ಹತ್ತಿತು. ಗುಡಿಸಲಿನ ತಟ್ಟಿಯ ಸಂದಿಯಿಂದ ಮಳೆಯ ಇರಚಲು ಬಡಿಯುತ್ತಿತ್ತು. ಸೊಸೆ ಕಷಾಯ ಮಾಡಿಕೊಟ್ಟಳು, ರೇವವ್ವ ಮುಖ ತಿರುವಿದಳು. ಶ್ರಾವಣದ ಒಂದು ಬೆಳಗ್ಗೆ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲವೆಂದು ಕುಬೇರಪ್ಪ ಹುಡುಕಿಕೊಂಡು ಹಿತ್ತಲಿಗೆ ಹೋದ. ಅಕ್ಕ ಕಟ್ಟಿಗೆಯ ಮಗ್ಗುಲಲ್ಲಿ ಮುದುಡಿ ತಣ್ಣಗಾಗಿದ್ದಳು.

ಅವನು ಎದೆ ಬಡಿದುಕೊಂಡು ಅತ್ತ. ಆ ಅಳು ಸುಳ್ಳಲ್ಲ. ಅವನ ಹಿಂದೆಯೇ ಓಡಿಬಂದ ರೇವವ್ವ ಹೆಣದ ಕೆಳಗಿನ ಕೌದಿಯನ್ನು ಎಳೆದು, ಸುತ್ತಿ, ಕಟ್ಟಿಗೆಯ ಹಿಂದಕ್ಕೆ ತಳ್ಳಿದಳು. ಮಣ್ಣಿಗೆ ಬಂದವರು, ಹೆಂಗಾತು, ಎಲ್ಲಿ ಜೀವಾ ಹೋತು ಎಂದು ಕೇಳಿದಾಗ ಕುಬೇರಪ್ಪ ಕಣ್ಣೊರೆಸಿಕೊಳ್ಳುತ್ತ ಎಲ್ಲರಿಗೂ ಒಂದೇ ಮಾತು ಹೇಳಿದ.

"ನಸಿಕಿನ್ಯಾಗ ಎದ್ದು ಕಟಗಿ ತರಾಕ ಹೋಗಿದ್ದಳ್ರಿ. ಕಡೀತನಕಾ ದುಡದಾ ಹೋದಳು ನಮ್ಮಕ್ಕ."