ಮುಟ್ಟುಗೋಲು ಹಾಕಿದ ತಂಬಿಗೆ

ಎರಡು ಸಾವಿರದ ಇಸವಿ ದಾಟಿದ ಹೊಸತು. ಸಿಂದಗಿಯ ಒಂದು ಸಣ್ಣ ಆಸ್ಪತ್ರೆಯ ಐಸಿಯುನಲ್ಲಿ ನರ್ಸ್ ಆಗಿದ್ದೆ. ಐಸಿಯು ಅಂದರೆ ಭಾರೀ ಏನೂ ಅಲ್ಲ, ಒಂದು ಕೋಣೆ, ಕೆಲವು ಮಂಚ, ಆಕ್ಸಿಜನ್ ಸಿಲಿಂಡರು ಮತ್ತು ನನ್ನ ಬಾಯಿ. ಪಕ್ಕದ ಇಂಡಿ ಊರಲ್ಲಿ ಹುಟ್ಟಿ ಬೆಳೆದವಳು, ಬಾಯಿ ಸ್ವಲ್ಪ ಜೋರೇ.

ಯಂಕಂಚಿ ಹಳ್ಳಿಯಿಂದ ಒಬ್ಬ ಯುವತಿಯನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ತಂದರು. ಎಚ್‌ಐವಿ ಇತ್ತು, ಅದರ ಬೆನ್ನಿಗೇ ನ್ಯುಮೋನಿಯಾ ಬಂದು ತುಟಿ ನೀಲಿಗಟ್ಟಿತ್ತು. ಬೇರೆ ಕಡೆ ಬೆಡ್ ಇಲ್ಲವೆಂದು ಕಳಿಸಿದ್ದರಂತೆ. ಬೆಡ್ ಇರಲಿಲ್ಲವೋ ಮನಸ್ಸಿರಲಿಲ್ಲವೋ, ನನಗೆ ಗೊತ್ತು. ನಮ್ಮ ಡಾಕ್ಟರು ಎರಡು ಮಾತಾಡದೆ ಒಳಗೆ ಸೇರಿಸಿಕೊಂಡರು. ಅವತ್ತು ಅವರ ಮೇಲೆ ಬಂದ ಗೌರವ ಇವತ್ತಿಗೂ ಇಳಿದಿಲ್ಲ. ಬಿಗಿಯಾಗಿ ಮಾಸ್ಕ್ ಕಟ್ಟಿ ಆಕ್ಸಿಜನ್ ಬಿಟ್ಟೆವು, ಸಲೈನಿನಲ್ಲಿ ಔಷಧಿ ಏರಿಸಿದೆವು. ಮಾಸ್ಕ್ ಚೂರು ಸರಿದರೂ ಬೆರಳಿಗೆ ಹಾಕಿದ ಯಂತ್ರ ಕೂಗುತ್ತಿತ್ತು.

ಜೊತೆಗೆ ಬಂದ ಅವಳ ಅಣ್ಣ ಬಾಗಿಲ ಹೊರಗೇ ನಿಂತ. "ಮನ್ಯಾಗ ಆಕಿ ಗಂಗಾಳ, ವಾಟಗಾ ಎಲ್ಲಾ ಬ್ಯಾರೇನ ಇಟ್ಟೇವ್ರಿ" ಎಂದು, ತಂಗಿಯ ತಟ್ಟೆ-ಬಟ್ಟಲು ಬೇರೆ ಮಾಡಿದ್ದನ್ನು ದೊಡ್ಡ ಜವಾಬ್ದಾರಿ ನಿಭಾಯಿಸಿದವನಂತೆ ಹೇಳಿದ.

ತಾಯಿ ಮಾತ್ರ ಒಳಗೆ ಬಂದಳು. ಸೆರಗಿನಡಿ ಹಿತ್ತಾಳೆ ತಂಬಿಗೆ, ಅದರಲ್ಲಿ ಮನೆಯ ನೀರು. "ಬಾಯಾಗ ಎರಡ್ ಹನಿ ಬಿಡ್ತೇನ್ರಿ ಸಿಸ್ಟರ್. ನೀರಡಿಸಿಕೊಂಡು ಹೋಗಬಾರ್ದು ನನ್ನ ಮಗಳು" ಎಂದು ಮಾಸ್ಕಿಗೆ ಕೈ ಹಾಕಿದಳು. ಸಾಯುವವರ ಬಾಯಿಗೆ ನೀರು ಬಿಡುವುದು ನಮ್ಮ ಕಡೆ ಹತ್ತಿರದವರು ಮಾಡುವ ಕೊನೆಯ ಕೆಲಸ. ಆದರೆ ಅಂಥ ಉಸಿರಿನಲ್ಲಿ ನೀರು ಹೊಟ್ಟೆಗಲ್ಲ, ಎದೆಗೆ ಇಳಿಯುತ್ತದೆ. ಅವಳನ್ನು ಮುಗಿಸಲು ಅಷ್ಟೇ ಸಾಕಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. "ಯಾರ್ ಹೊಂಟಾರಬೇ ಯವ್ವಾ ಇಲ್ಲೆ? ಕೊಡು ತಂಬಿಗಿ. ಆಕಿ ತಾನ ನೀರು ಕೇಳಿದ ದಿನಾ ವಾಪಸ್ ಕೊಡ್ತೇನಿ" ಎಂದು ಕಸಿದು ಔಷಧಿ ಕಪಾಟಿನ ಮೇಲಿಟ್ಟೆ. ಆಕೆ ನನ್ನನ್ನು ಹಗೆಯಂತೆ ನೋಡಿದಳು.

ಮೊದಮೊದಲು ಔಷಧಿ ನಾಟಲೇ ಇಲ್ಲ. ತಾಯಿ ಬಂದಾಗಲೆಲ್ಲ ಯಂತ್ರ ನೋಡುತ್ತಿರಲಿಲ್ಲ, ಕಪಾಟಿನ ಮೇಲೆ ನೋಡುತ್ತಿದ್ದಳು. ಬರಬರುತ್ತ ನಾನೂ ಅದನ್ನೇ ನೋಡತೊಡಗಿದೆ. ಮಾತು ಕೊಟ್ಟು ಸಿಕ್ಕಿಬಿದ್ದಿದ್ದೆ, ಒಳಗೊಳಗೇ ಭಯವಾಗುತ್ತಿತ್ತು. ಆಮೇಲೆ ನಿಧಾನಕ್ಕೆ ತುಟಿಯ ನೀಲಿ ಬಿಟ್ಟಿತು. ಮಾಸ್ಕ್ ಹೋಗಿ ಮೂಗಿಗೆ ಸಣ್ಣ ನಳಿಗೆ ಬಂತು.

ಒಂದು ಬೆಳಿಗ್ಗೆ ಒಡೆದ ದನಿಯಲ್ಲಿ ಮಗಳು, "ಯವ್ವಾ, ನೀರು" ಅಂದಳು.

ಡಾಕ್ಟರು ಮೊದಲು ಒಂದು ಚಮಚ ಕುಡಿಸಿ ನೋಡಿದರು. ಕೆಮ್ಮಲಿಲ್ಲ. ನಾನು ತಂಬಿಗೆ ಇಳಿಸಿ, ತೊಳೆದು, ಹೊಸ ನೀರು ತುಂಬಿ ತಾಯಿಯ ಕೈಗಿಟ್ಟೆ. ಗೆದ್ದೆವು ಅನ್ನಿಸಿ ಕಣ್ಣು ತುಂಬಿತು. ನಮ್ಮಲ್ಲಿ ತಂಬಿಗೆ ಎತ್ತಿ ಕುಡಿಯಬೇಕು, ತುಟಿ ಹಚ್ಚಿದರೆ ಎಂಜಲು. ಎತ್ತುವ ಶಕ್ತಿ ಇಲ್ಲದ ಮಗಳು ತುಟಿ ಹಚ್ಚಿಯೇ ಗುಟುಕು ಗುಟುಕಾಗಿ ಕುಡಿದಳು.

"ಯವ್ವಾ, ಆ ತಂಬಿಗಿ ಇನ್ನ ಬ್ಯಾರೆ ಇಡಬೇಕ ನೋಡು" ಎಂದ ಅಣ್ಣ, ಬಾಗಿಲಿನಿಂದಲೇ.

ತಾಯಿ ಅವನನ್ನೇ ನೋಡುತ್ತ, ಮಗಳ ತುಟಿ ತಾಗಿದ ಅಂಚಿಗೆ ತನ್ನ ತುಟಿ ಹಚ್ಚಿ ಉಳಿದ ನೀರನ್ನೆಲ್ಲ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಖಾಲಿ ತಂಬಿಗೆ ಮುಂದೆ ಚಾಚಿದಳು.

"ಒಳಗ ಬಾ. ತುಂಬಿಕೊಂಡು ಬರಾಕ ತಗೊಂಡು ಹೋಗು."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.